ಹೆಚ್ಚಿದ ಹಣ್ಣು ಬೇಗ ಕೆಡದಿರಲು

ಡಬ್ಬಿಯಲ್ಲಿಟ್ಟ ಹಣ್ಣು ಮಾರನೇ ದಿನಕ್ಕೇ ಲೋಳೆಯಾದರೆ ಎಲ್ಲರೂ ಬಯ್ಯುವುದು ಫ್ರಿಜ್ಜನ್ನು. ಹೆಚ್ಚುವ ಮಣೆಯನ್ನು ಯಾರೂ ನೋಡುವುದಿಲ್ಲ.

ಮೊದಲು ಆಯ್ಕೆ. ಹಣ್ಣಾಗಿರಬೇಕು, ಒತ್ತಿದರೆ ಇನ್ನೂ ಗಟ್ಟಿ ಅನಿಸಬೇಕು. ಮೆತ್ತಗಾದದ್ದನ್ನು ಜ್ಯೂಸ್ ಮಾಡಿ ಕುಡಿದುಬಿಡಿ.

ಆಮೇಲೆ ತೊಳೆಯುವುದು, ಇಡೀ ಹಣ್ಣನ್ನೇ. ಸಿಪ್ಪೆ ಹೇಗೂ ಬಿಸಾಡ್ತೀವಲ್ಲ ಅನ್ನುವವರಿದ್ದಾರೆ. ಆದರೆ ಸಿಪ್ಪೆಯ ಮೇಲಿನ ಬ್ಯಾಕ್ಟೀರಿಯಾವನ್ನು ಚಾಕುವೇ ತಿರುಳಿಗೆ ದಾಟಿಸುತ್ತದೆ. ಕರ್ಬೂಜದ ಒರಟು ಸಿಪ್ಪೆಯನ್ನಂತೂ ಬ್ರಷ್‌ನಿಂದ ಉಜ್ಜಲೇಬೇಕು. ಅದರ ತಿರುಳಲ್ಲಿ ಹುಳಿ ಕಡಿಮೆ, ಬ್ಯಾಕ್ಟೀರಿಯಾ ಸಲೀಸಾಗಿ ಬೆಳೆಯುತ್ತದೆ. ಸೋಪು ಬೇಡ. ಹಣ್ಣು ತೊಳೆಯಲೆಂದೇ ಮಾರುವ ಬಾಟಲಿಗೂ ಸುಮ್ನೆ ದುಡ್ಡು ಹಾಕಬೇಡಿ, ಹರಿಯುವ ನೀರು ಸಾಕು. ತೊಳೆದ ಮೇಲೆ ಒರೆಸಿ.

ಈಗ ಚಾಕು. ಎಡವಟ್ಟಾಗುವುದೇ ಇಲ್ಲಿ. ಹಣ್ಣು ಕಿತ್ತ ಮೇಲೂ ಉಸಿರಾಡುತ್ತಲೇ ಇರುತ್ತದೆ. ಕೊಯ್ದ ಗಾಯಕ್ಕೆ ಆ ಉಸಿರಾಟ ಜೋರಾಗುತ್ತದೆ, ಹಣ್ಣು ಬೇಗ ಸೊರಗುತ್ತದೆ. ಜೊತೆಗೆ, ಜೀವಕೋಶದಲ್ಲಿ ಬೇರೆಬೇರೆ ಕಡೆ ಇದ್ದ ಕಿಣ್ವ (ಎಂಜೈಮ್) ಮತ್ತು ಫಿನಾಲ್ ಎಂಬ ರಾಸಾಯನಿಕಗಳು ಕೋಶ ಒಡೆದಾಗ ಒಂದಾಗುತ್ತವೆ. ಗಾಳಿ ತಾಗಿತೋ, ಸೇಬು ಕಂದಾಯಿತು. ಮೊಂಡು ಚಾಕು ಹಣ್ಣನ್ನು ಜಜ್ಜುವುದರಿಂದ ಒಡೆಯುವ ಕೋಶಗಳೂ ಜಾಸ್ತಿ. ಕೊಯ್ದ ಮೈ ನಯವಾಗಿರಬೇಕು. ಸೇಬು ಹೆಚ್ಚಿದ ಮಣೆಯ ಮೇಲೆ ರಸ ನಿಂತಿದೆಯಾ? ಚಾಕು ಮಸೆಯಿರಿ. ಹೋಳು ದಪ್ಪಗಿರಲಿ. ಚಿಕ್ಕದಾದಷ್ಟೂ ಗಾಳಿಗೆ ತೆರೆದುಕೊಳ್ಳುವ ಮೈ ಜಾಸ್ತಿ, ಅಲ್ವಾ? ಒಂದೇ ಏಟಿಗೆ ಚೌಕ ಚೌಕ ಹೋಳು ಮಾಡುವ ಪ್ಲಾಸ್ಟಿಕ್ ಸಾಧನ ಮಾತ್ರ ಕೊಳ್ಳಲೇಬೇಡಿ. ಅದರ ಬ್ಲೇಡು ಮಸೆಯಲು ಬರುವುದಿಲ್ಲ, ಸಂದಿಯಲ್ಲಿ ಸಿಕ್ಕಿದ ತಿರುಳು ತೊಳೆದರೂ ಪೂರ್ತಿ ಹೋಗುವುದಿಲ್ಲ.

ಸೇಬಿನ ಹೋಳನ್ನು ನಿಂಬೆರಸ ಬೆರೆಸಿದ ನೀರಿನಲ್ಲಿ ಅದ್ದಬಹುದು. ಹುಳಿ ಕಿಣ್ವದ ಆಟ ತಗ್ಗಿಸುತ್ತದೆ, ವಿಟಮಿನ್ ಸಿ ಬಣ್ಣ ತಿರುಗದಂತೆ ಹಿಡಿದಿಡುತ್ತದೆ. ಅದು ಖರ್ಚಾದ ಮೇಲೆ ಕಂದಾಗಿಯೇ ಆಗುತ್ತದೆ. ಅದ್ದಿದ ಹೋಳನ್ನು ಜರಡಿಯಲ್ಲಿ ಬಸಿದು, ಪೇಪರ್ ಟವೆಲ್‌ನಿಂದ ಒತ್ತಿ. ಹೆಚ್ಚಿನವರು ಬಿಡುವ ಹಂತ ಇದೇ. ಡಬ್ಬಿಯ ತಳದಲ್ಲಿ ನಿಂತ ನೀರಲ್ಲಿ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಕ್ಕೆ ಹಬ್ಬ. ಸಕ್ಕರೆ, ಉಪ್ಪು ಈಗಲೇ ಉದುರಿಸಿದರೆ ಹಣ್ಣು ಇನ್ನಷ್ಟು ನೀರು ಬಿಡುತ್ತದೆ.

ಮುಚ್ಚಳ ಹಾಕಿ ಫ್ರಿಜ್ಜಿನ ಒಳಗಡೆ ಇಡಿ, ಬಾಗಿಲಲ್ಲಿ ಬೇಡ. ಒಳಗಿನ ಉಷ್ಣಾಂಶ 5 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಹೊರಗೆ 2 ಗಂಟೆಗಿಂತ ಜಾಸ್ತಿ ಉಳಿದದ್ದನ್ನು ಎಸೆಯಿರಿ. ಬಿಸಿಲು 32 ಡಿಗ್ರಿ ದಾಟಿದ್ದರೆ 1 ಗಂಟೆಯೇ ಲೆಕ್ಕ. ಫ್ರಿಜ್ಜಿನಲ್ಲಿಟ್ಟದ್ದನ್ನು 3 ದಿನದೊಳಗೆ ಮುಗಿಸಿ. ಮೂಸಿ ನೋಡಿ ಚೆನ್ನಾಗಿದೆ ಅಂದುಕೊಳ್ಳುವುದು ಸಾಲದು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ, ವಾಸನೆ ಬರಲೇಬೇಕೆಂದಿಲ್ಲ. ಗರ್ಭಿಣಿಯರಿಗೆ, ವಯಸ್ಸಾದವರಿಗೆ ಆಗಷ್ಟೇ ಹೆಚ್ಚಿದ್ದನ್ನೇ ಕೊಡಿ.