ಎರಡು ಮೀಟರ್ ಮಲ್‌ಮಲ್‌ನಲ್ಲಿ ಎರಡು ಸ್ಕಾರ್ಫ್

ದಾವಣಗೆರೆಯ ಬೇಸಿಗೆಯಲ್ಲಿ ಸ್ಕೂಟಿ ಓಡಿಸುವ ಹೆಣ್ಣುಮಕ್ಕಳಿಗೆ ತಲೆ, ಮುಖ, ಕುತ್ತಿಗೆಯನ್ನು ಒಟ್ಟಿಗೆ ಮುಚ್ಚುವ ಸ್ಕಾರ್ಫ್ ಬೇಕೇ ಬೇಕು. ಅಂಗಡಿಯಲ್ಲಿ ನನ್ನ ಕಣ್ಣಿಗೆ ಬೀಳುವವುಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್ ಬೆರೆತವಾದ್ದರಿಂದ ಬೆವರನ್ನು ಅಷ್ಟಾಗಿ ಹೀರುವುದಿಲ್ಲ. ಅಳತೆಯೂ ಚಿಕ್ಕದಾಗಿದ್ದು, ಮುಖಕ್ಕೆ ಸುತ್ತಿ ಹಿಂದೆ ಗಂಟು ಹಾಕುವಷ್ಟರಲ್ಲಿ ಬಟ್ಟೆ ಮುಗಿದಿರುತ್ತದೆ. ಹಾಗಾಗಿ ನನ್ನ ಸ್ಕಾರ್ಫ್‌ಗಳನ್ನು ನಾನೇ ಹೊಲಿದುಕೊಳ್ಳುತ್ತೇನೆ. ನೋಡಲು ಅದು ಅಂಚು ಮಡಿಚಿ ಹೊಲಿದ ಬಟ್ಟೆಯ ತುಂಡಷ್ಟೇ ಆದರೂ, ಅದರ ಅಂದಚೆಂದ ನಿರ್ಧಾರವಾಗುವುದು ಹೊಲಿಗೆ ಯಂತ್ರದ ಮುಂದೆ ಕೂರುವುದಕ್ಕೂ ಮೊದಲೇ.

ಬಟ್ಟೆಗೆ ನಾನು ಹೋಗುವುದು ಮಂಡಿಪೇಟೆಗೆ. 44 ಇಂಚು ಪನ್ನದ (ಅಗಲದ) ಮಲ್‌ಮಲ್ ಎಂಬ ತೆಳು ಹತ್ತಿ ಬಟ್ಟೆ ಎರಡು ಮೀಟರ್ ತಂದರೆ, ಉದ್ದಕ್ಕೆ ಸೀಳಿ ಎರಡು ಸ್ಕಾರ್ಫ್ ಮಾಡಬಹುದು. ಹತ್ತಿ ಗಿರಣಿಗಳ ದೆಸೆಯಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಈ ಊರಿನಲ್ಲೇ ಹುಟ್ಟಿ ಬೆಳೆದ ನನ್ನ ಅತ್ತೆ, ಬಟ್ಟೆಯ ಮೂಲೆಯೊಂದನ್ನು ಎರಡೂ ಅಂಗೈಗಳ ನಡುವೆ ಇಟ್ಟು ಗಟ್ಟಿಯಾಗಿ ಉಜ್ಜಿ ನೋಡುತ್ತಾರೆ. ಬಿಳಿ ಪುಡಿ ಉದುರಿ, ಉಜ್ಜಿದ ಜಾಗ ಜಾಳುಜಾಳಾಗಿ ಕಂಡರೆ, "ಇದ್ರಾಗೆ ಬಟ್ಟೆಗಿಂತ ಗಂಜೀನೇ ಜಾಸ್ತಿ ಐತಿ ನೋಡವ್ವ" ಎಂದು ಅಂಗಡಿಯವರ ಎದುರಿಗೇ ಹೇಳಿಬಿಡುತ್ತಾರೆ. ಮುಜುಗರವಾದರೂ ಪರೀಕ್ಷೆ ಮಾತ್ರ ಸರಿಯಾದದ್ದು.

ತಂದ ಬಟ್ಟೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒಗೆದು, ನೆರಳಿನಲ್ಲಿ ಒಣಗಿಸಿ, ಇನ್ನೂ ತುಸು ತೇವವಿರುವಾಗಲೇ ಇಸ್ತ್ರಿ ಮಾಡುತ್ತೇನೆ. ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗಬಹುದಾದ್ದರಿಂದ, ಹೊಲಿದ ಮೇಲೆ ಒಗೆದರೆ ಅಂಚುಗಳು ಸುಕ್ಕುಗಟ್ಟುವ ಸಂಭವವಿರುತ್ತದೆ. ಬಣ್ಣ ನಿಲ್ಲಲೆಂದು ನೀರಿಗೆ ಉಪ್ಪು ಹಾಕುವ ವಾಡಿಕೆಯಿದೆ. ಬಣ್ಣ ಹಾಕುವಾಗಲೇ ಸರಿಯಾಗಿ ಹಿಡಿಯದ ಬಣ್ಣವನ್ನು ಅಡುಗೆಮನೆಯ ಉಪ್ಪು ಹಿಡಿಸಲಾರದು ಎಂಬುದು ನನ್ನ ಅಭಿಪ್ರಾಯ.

ಇನ್ನು ಕತ್ತರಿಸುವ ಕೆಲಸ. ಅಂಗಡಿಯಲ್ಲಿ ಹರಿದುಕೊಟ್ಟ ಅಂಚು ಎಳೆದಾಡಿ ಸೊಟ್ಟಗಾಗಿರುತ್ತದೆ, ಟೇಪು ಹಿಡಿದು ಸೀಮೆಸುಣ್ಣದಲ್ಲಿ ಗೆರೆ ಎಳೆದರೂ ಜಾರುವ ಮಲ್‌ಮಲ್ ಮೇಲೆ ಅದು ನೆಟ್ಟಗೆ ಬರುವುದಿಲ್ಲ. ಆದ್ದರಿಂದ ಬಟ್ಟೆಯ ನೂಲನ್ನೇ ಗೆರೆಯಾಗಿ ಬಳಸುತ್ತೇನೆ. ಅಂಚಿನಲ್ಲಿ ಕತ್ತರಿಯಿಂದ ಸಣ್ಣದೊಂದು ಕಚ್ಚು ಹಾಕಿ, ಹೊಕ್ಕಿನ (ಅಡ್ಡ ನೂಲಿನ) ಒಂದೇ ಎಳೆಯನ್ನು ಸೂಜಿಯ ತುದಿಯಿಂದ ಎಬ್ಬಿಸಿ ಮೆಲ್ಲಗೆ ಎಳೆದರೆ, ಬಟ್ಟೆ ನೆರಿಗೆಗಟ್ಟುತ್ತಾ ಹೋಗಿ ಆ ಎಳೆ ಹೊರಬರುತ್ತದೆ; ಅದು ಇದ್ದ ಜಾಗದಲ್ಲಿ ಕೂದಲಿನಷ್ಟು ತೆಳುವಾದ ಖಾಲಿ ಗೆರೆಯೊಂದು ಉಳಿಯುತ್ತದೆ. ನಡುವೆ ಎಳೆ ತುಂಡಾದರೆ, ಅಲ್ಲಿಯವರೆಗೆ ಗೆರೆಯ ಮೇಲೆ ಕತ್ತರಿಸಿಕೊಂಡು, ಮುರಿದ ತುದಿಯನ್ನು ಹುಡುಕಿ ಮತ್ತೆ ಎಳೆಯಬೇಕು. ಉದ್ದಕ್ಕೆ ಸೀಳುವಾಗಲೂ ಹಾಸಿನ (ಉದ್ದ ನೂಲಿನ) ಎಳೆಯನ್ನು ಹೀಗೆಯೇ ತೆಗೆಯುತ್ತೇನೆ. ತಾಳ್ಮೆ ಬೇಡುವ ಕೆಲಸವಿದು, ಆದರೆ ಹೀಗೆ ಕತ್ತರಿಸಿದ ಬಟ್ಟೆ ಎಷ್ಟು ಒಗೆದರೂ ಒಂದು ಕಡೆಗೆ ತಿರುಚಿಕೊಳ್ಳುವುದಿಲ್ಲ.

ನೇಯ್ಗೆಯಲ್ಲೇ ಬಂದ ಗಟ್ಟಿ ಅಂಚನ್ನು ಹಾಗೇ ಉಳಿಸಿಕೊಂಡರೆ ಒಂದು ಬದಿಯ ಹೊಲಿಗೆ ಮಿಗುತ್ತದೆ ನಿಜ. ಆದರೆ ಅದು ಬಟ್ಟೆಗಿಂತ ಬಿಗಿಯಾಗಿದ್ದು ಒಗೆದಾಗ ಎಳೆದುಕೊಳ್ಳುವುದುಂಟು, ಆದ್ದರಿಂದ ನಾನು ಅದನ್ನು ತೆಗೆದುಹಾಕುತ್ತೇನೆ. ಅಂಚನ್ನು ಕಾಲು ಇಂಚು ಮಡಿಚಿ ಇಸ್ತ್ರಿ ಮಾಡಿ, ಮತ್ತೆ ಕಾಲು ಇಂಚು ಮಡಿಚಿ ಇಸ್ತ್ರಿ ಮಾಡುವುದರಿಂದ ಕಚ್ಚಾ ತುದಿ ಒಳಗೆ ಅಡಗುತ್ತದೆ. ಮೊದಲು ಉದ್ದದ ಎರಡು ಬದಿ, ಆಮೇಲೆ ಅಗಲದ ಬದಿಗಳು. ಮೂಲೆಯಲ್ಲಿ ಮಡಿಕೆಗಳು ದಪ್ಪವಾಗದಂತೆ ಒಳಗೆ ಸೇರುವ ತುದಿಯನ್ನು ಓರೆಯಾಗಿ ಕತ್ತರಿಸಿರಬೇಕು.

ಯಂತ್ರಕ್ಕೆ 11ನೇ ನಂಬರಿನ ಸೂಜಿ, ಇಂಚಿಗೆ ಸುಮಾರು 12 ಹೊಲಿಗೆ. ತೆಳು ಬಟ್ಟೆಯ ಮೂಲೆಯನ್ನು ಯಂತ್ರದ ಹಲ್ಲುಗಳು ಕೆಳಕ್ಕೆ ಎಳೆದುಕೊಳ್ಳದಂತೆ ಅದರಡಿಗೆ ಹಳೆಯ ನೋಟ್‌ಬುಕ್ಕಿನ ಹಾಳೆಯ ಪಟ್ಟಿಯೊಂದನ್ನು ಇಟ್ಟು, ಮೇಲಿನ ದಾರ ಮತ್ತು ಕೆಳಗಿನ ಬಾಬಿನ್ ದಾರ ಎರಡನ್ನೂ ಹಿಂದಕ್ಕೆ ಹಿಡಿದು ಹೊಲಿಗೆ ಆರಂಭಿಸುತ್ತೇನೆ. ಮುಗಿದ ಮೇಲೆ ಕಾಗದ ಹರಿದು ತೆಗೆದರಾಯಿತು.

ಎರಡನೆಯ ತುಂಡನ್ನು ನನ್ನ ಮಗಳಿಗಾಗಿ ಬೇರೆ ರೀತಿ ಮಾಡುತ್ತೇನೆ. ಅಗಲದ ತುದಿಗಳನ್ನು ಮಡಿಚದೆ, ಒಂದು ಇಂಚು ಒಳಗೆ ಸಾಲು ಹೊಲಿಗೆ ಹಾಕಿ, ಅದರಾಚೆಗಿನ ಹೊಕ್ಕಿನ ಎಳೆಗಳನ್ನು ಬಿಡಿಸಿದರೆ ಹಾಸಿನ ಎಳೆಗಳು ಜಾಲರಿಯಂತೆ ಇಳಿಬೀಳುತ್ತವೆ. ಆದರೆ ಅವು ಹೆಲ್ಮೆಟ್‌ನ ಬಕಲ್‌ಗೆ ಸಿಕ್ಕಿಕೊಳ್ಳುತ್ತವೆ. ಗಾಡಿ ಓಡಿಸುವವರಿಗೆ ನಾಲ್ಕೂ ಬದಿ ಮಡಿಚಿ ಹೊಲಿದದ್ದೇ ಸರಿ.