ಅಡುಗೆ ಭಟ್ಟರು ಬಿಟ್ಟುಹೋದ ಮೇಲೆ ನಡೆದ ಶಿಬಿರ

"ಭಾವ, ನಿಮಗೆ ಪೆನ್ಶನ್ ಜಾಸ್ತಿ ಆಯ್ತಾ?" 2018ರಲ್ಲಿ ಹೆಂಡತಿಯ ತಮ್ಮ ಕೇಳಿದ ಪ್ರಶ್ನೆ ಇದು. ಉಡುಪಿ ಜಿಲ್ಲೆಯ ಹೆಬ್ರಿ ಹತ್ತಿರ ಅವರ ಹಳೇ ಮನೆ ಬೀಗ ಹಾಕಿ ಬಿದ್ದಿತ್ತು. ದೊಡ್ಡ ಚಾವಡಿ, ಎರಡು ಬಾವಿ, ಹಿಂದೆ ಅಡಿಕೆ ತೋಟ, ತೋಟ ದಾಟಿದರೆ ಸೀತಾನದಿ. ಮೂವತ್ತು ವರ್ಷ ಡ್ರಿಲ್ ಮಾಷ್ಟ್ರಾಗಿ ಗಂಡುಹುಡುಗರ ಹಿಂದೆ ಸೀಟಿ ಊದಿದವನು ನಾನು, ರಿಟೈರ್ ಆದ ಮೇಲೆ ಸುಮ್ನೆ ಕೂರಲಿಕ್ಕೆ ಆಗಲಿಲ್ಲ. ಗಂಡುಹುಡುಗರು ಅಲ್ಲೇ ಉಳಿದುಕೊಳ್ಳುವ ಬೇಸಿಗೆ ಶಿಬಿರ ಮಾಡುತ್ತೇನೆ ಅಂದೆ. ಮನೆಯವರೆಲ್ಲ ನಕ್ಕರು. ಈಗ ಅದೇ ಭಾವಮೈದ ತನ್ನ ಮಗನಿಗೆ ಒಂದು ಸೀಟು ಇಡಿ ಅಂತ ಜನವರಿಯಲ್ಲೇ ಫೋನ್ ಮಾಡುತ್ತಾನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ ಅಂದರೆ ತಪ್ಪಿಲ್ಲ.

ಒಪ್ಪಿಗೆ ಪತ್ರ, ಡಾಕ್ಟರ ನಂಬರು, ಹಾಸಿಗೆ, ಸೊಳ್ಳೆಪರದೆ ಇವೆಲ್ಲ ಶಿಬಿರ ಮಾಡುವವರಿಗೆ ಗೊತ್ತಿರುವ ವಿಷಯ, ಬಿಡುತ್ತೇನೆ. ನಾನು ಎಲ್ಲಿ ಮುಗ್ಗರಿಸಿದೆ ಅನ್ನುವುದನ್ನು ಹೇಳುತ್ತೇನೆ.

ಮೊದಲ ವರ್ಷ ಐದು ದಿನ, ಒಂಬತ್ತು ಹುಡುಗರು, ತಲೆಗೆ 3,500 ರೂಪಾಯಿ. ಎಲ್ಲರೂ ಮಾಡುವ ಹಾಗೆ ಟೈಮ್‌ಟೇಬಲ್ ಹಾಕಿದೆ. ಬೆಳಿಗ್ಗೆ ಯೋಗ, ಆಮೇಲೆ ವೇದಗಣಿತ, ಕ್ರಾಫ್ಟು, ಸ್ಪೋಕನ್ ಇಂಗ್ಲಿಷ್, ಸಂಜೆ ಮ್ಯಾಜಿಕ್. ಸಂಪನ್ಮೂಲ ವ್ಯಕ್ತಿಗಳು ಅಂತ ಬಂದವರಿಗೆ ದಿನಕ್ಕೆ ಎರಡು ಸಾವಿರ, ಮೇಲೆ ಪೆಟ್ರೋಲು. ಅಡುಗೆ ಭಟ್ಟರಿಗೆ 1,500, ಅವರ ಜೊತೆ ಒಬ್ಬ ಹುಡುಗನಿಗೆ 700. ಬ್ಯಾನರು, ಟೀ ಶರ್ಟು, ಸರ್ಟಿಫಿಕೇಟು. ಲೆಕ್ಕ ಹಾಕಿದಾಗ ಸುಮಾರು ಮೂವತ್ತು ಸಾವಿರ ಕೈಬಿಟ್ಟಿತ್ತು. ದುಡ್ಡು ಹೋಗಲಿ, ಹುಡುಗರ ಮುಖದಲ್ಲಿ ಕಳೆಯೇ ಇರಲಿಲ್ಲ. ಶಾಲೆ ಬಿಟ್ಟು ಶಾಲೆಗೇ ಬಂದ ಹಾಗೆ ಕೂತಿದ್ದರು. ಐದನೇ ದಿನ ಸ್ವಲ್ಪ ಮಾತು ಶುರುವಾಗುವ ಹೊತ್ತಿಗೆ ಅಪ್ಪಂದಿರ ಕಾರು ಅಂಗಳಕ್ಕೆ ಬಂತು.

ಎರಡನೇ ವರ್ಷ ಹತ್ತು ದಿನ ಮಾಡಿದೆ, ಹದಿನಾಲ್ಕು ಹುಡುಗರು. 2019ರ ಮೇ ತಿಂಗಳು ನಿಮಗೆ ನೆನಪಿರಬಹುದು, ಬಜೆ ಅಣೆಕಟ್ಟಿನಲ್ಲೇ ನೀರು ತಳ ಸೇರಿ ಉಡುಪಿ ಪೇಟೆಯಲ್ಲಿ ಟ್ಯಾಂಕರ್ ಓಡಿದ ವರ್ಷ. ನಮ್ಮ ಒಂದು ಬಾವಿ ಬತ್ತಿತು, ಇನ್ನೊಂದರಲ್ಲಿ ಕೊಡಪಾನ ತಾಗಿ ಕೆಸರು ಬರುತ್ತಿತ್ತು. ನಾನೂ ಟ್ಯಾಂಕರ್ ತರಿಸಿದೆ, ಎಷ್ಟು ಅಂತ ಲೆಕ್ಕ ಇಡುವುದನ್ನು ಏಳನೇ ಟ್ಯಾಂಕರಿಗೆ ಬಿಟ್ಟೆ.

ಇಷ್ಟು ಸಾಲದು ಅಂತ ಆರನೇ ದಿನ ಬೆಳಿಗ್ಗೆ ಭಟ್ಟರು ಕೈಕೊಟ್ಟರು. ಮೇ ತಿಂಗಳಲ್ಲವಾ, ಮದುವೆ ಸೀಸನ್. ಯಾರೋ ಜಾಸ್ತಿ ಕೊಟ್ಟು ಎಳೆದುಕೊಂಡು ಹೋದರು. ಹೆಂಡತಿಗೆ ಮಂಡಿನೋವು. ಹೋಟೆಲಿನಿಂದ ತರಿಸುವ ಅಂದರೆ ಹದಿನಾಲ್ಕು ಹೊಟ್ಟೆ. ಬೇರೆ ದಾರಿ ಕಾಣದೆ ಹುಡುಗರನ್ನೇ ಒಲೆಯ ಮುಂದೆ ನಿಲ್ಲಿಸಿದೆ.

ಕುಚ್ಚಲಕ್ಕಿ ಗಂಜಿ ಬೇಯಿಸುವುದು ಅಂದರೆ ನಿಮಗೆ ಗೊತ್ತು, ಹೊತ್ತು ಹಿಡಿಯುತ್ತದೆ. ಮಣಿಪಾಲದ ಫ್ಲ್ಯಾಟಿನ ಹುಡುಗ ಒಬ್ಬ, ಎಂಟನೇ ಕ್ಲಾಸು, ಆ ದೊಡ್ಡ ಪಾತ್ರೆಯನ್ನು ಸುತ್ತಲೂ ನೋಡಿ "ಅಂಕಲ್, ಇದಕ್ಕೆ ಎಷ್ಟು ವಿಶಲ್?" ಅಂತ ಕೇಳಿದ. ಇನ್ನೊಬ್ಬ ಹಸಿ ಮಡಲು ತಂದು ಒಲೆಗೆ ತುರುಕಿದ. ಅಡುಗೆಮನೆ ತುಂಬ ಹೊಗೆ, ಎಲ್ಲರ ಕಣ್ಣಲ್ಲೂ ನೀರು. ಒಂದೂವರೆ ಗಂಟೆ ಆದರೂ ಅಕ್ಕಿ ಕಚ್ಚಿದರೆ ಕಟ್ ಅನ್ನುತ್ತಿತ್ತು. ಕಡೆಗೆ ತಳ ಹಿಡಿದ ಗಂಜಿ, ತೆಂಗಿನಕಾಯಿ ಚಟ್ನಿ, ಮಾವಿನಮಿಡಿ. ಹಿಂದಿನ ದಿನ ಭಟ್ಟರ ಪೂರಿ-ಸಾಗು ಅರ್ಧಕ್ಕೆ ಬಿಟ್ಟ ಹುಡುಗರು ಆ ಸೀದ ಗಂಜಿಯನ್ನು ಮೂರು ಮೂರು ಸಲ ಹಾಕಿಸಿಕೊಂಡರು. ಪಾತ್ರೆಯ ತಳ ಕೆರೆಯಲಿಕ್ಕೆ ಜಗಳ. ನನಗೆ ಟೈಮ್‌ಟೇಬಲ್ ಹರಿದು ಒಲೆಗೆ ಹಾಕಬೇಕು ಅನ್ನಿಸಿದ್ದು ಆವತ್ತೇ.

ಆಮೇಲೆ ಲಾಕ್‌ಡೌನ್, ಎರಡು ವರ್ಷ ಏನೂ ಇಲ್ಲ. ಆಗ ಅಮೆರಿಕದಲ್ಲಿರುವ ಅಳಿಯನ ಜೊತೆ ಫೋನಿನಲ್ಲಿ ಮಾತಾಡುತ್ತಾ ಗಂಜಿಯ ಕತೆ ಹೇಳಿದೆ. ಅಲ್ಲಿ ಇದು ಹಳೇ ಪದ್ಧತಿಯಂತೆ. 1881ರಲ್ಲಿ ನ್ಯೂ ಹ್ಯಾಂಪ್‌ಷೈರಿನ ಒಂದು ಕೆರೆಯ ದ್ವೀಪದಲ್ಲಿ ಅರ್ನೆಸ್ಟ್ ಬಾಲ್ಚ್ ಎಂಬವರು ಗಂಡುಹುಡುಗರ ಶಿಬಿರ ಶುರು ಮಾಡಿದರು, ಅಲ್ಲಿ ಆಳುಗಳೇ ಇರಲಿಲ್ಲ, ಅಡುಗೆ, ಪಾತ್ರೆ ಎಲ್ಲ ಹುಡುಗರದ್ದೇ. ಶ್ರೀಮಂತರ ಮಕ್ಕಳು ರಜೆಯಲ್ಲಿ ಸುಮ್ಮನೆ ಹಾಳಾಗುತ್ತಾರೆ ಅನ್ನುವುದೇ ಅವರ ಚಿಂತೆಯಾಗಿತ್ತಂತೆ. ಈಗಲೂ ಅಲ್ಲಿಯ ಕೆಲವು ಹಳೇ ಶಿಬಿರಗಳು ಏಳು ವಾರ ನಡೆಯುತ್ತವೆ. ಏಳು ವಾರ! ನಮ್ಮ ಊರಿನ ಅಮ್ಮಂದಿರು ಏಳು ದಿನಕ್ಕೇ ಕಣ್ಣೀರು ಹಾಕುತ್ತಾರೆ. ಇರಲಿ, ಹದಿನಾಲ್ಕು ದಿನ ಅಂತ ನಿಶ್ಚಯ ಮಾಡಿದೆ. ಅದಕ್ಕಿಂತ ಕಡಿಮೆ ಆದರೆ ದಂಡ. ಮೊದಲ ನಾಲ್ಕು ದಿನ ಮನೆಯ ಜ್ಞಾಪಕದಲ್ಲೇ ಹೋಗುತ್ತದೆ, ಕೆಲಸ ಕೈಗೆ ಹತ್ತುವುದು ಏಳನೇ ದಿನದ ಮೇಲೆ.

2022ರಲ್ಲಿ ಭಟ್ಟರಿಲ್ಲ, ಕ್ಲಾಸಿಲ್ಲ. ಹತ್ತೊಂಬತ್ತು ಹುಡುಗರು, ನಾಲ್ಕು ತಂಡ: ಹಲಸು, ಮಾವು, ಗೇರು, ಪುನರ್ಪುಳಿ. ಒಂದು ತಂಡ ಅಡುಗೆಗೆ, ಒಂದು ನೀರು ಸೇದಲಿಕ್ಕೆ, ಒಂದು ಹಿಡಿಸೂಡಿ ಹಿಡಿದು ಅಂಗಳಕ್ಕೆ, ಒಂದು ಬಚ್ಚಲು ಮತ್ತು ಕಕ್ಕಸಿಗೆ. ದಿನಾ ಬದಲು. ಪ್ರತಿ ತಂಡದಲ್ಲಿ ಒಂಬತ್ತು ವರ್ಷದವನಿಂದ ಹದಿನೈದರವನ ತನಕ ಇರಬೇಕು, ಒಂದೇ ಪ್ರಾಯದವರನ್ನು ಒಟ್ಟಿಗೆ ಹಾಕಿದರೆ ಬರೀ ಗುದ್ದಾಟ. ತಂಡ ಹೇಗೆ ಹಂಚುತ್ತೇನೆ ಅನ್ನುವುದಕ್ಕೆ ನನ್ನದೊಂದು ಉಪಾಯ ಇದೆ, ಮೊದಲ ಸಂಜೆಯ ಲಗೋರಿ ಆಟದಲ್ಲಿ ಗೊತ್ತಾಗುತ್ತದೆ. ಅಷ್ಟು ಸಾಕು, ಉಳಿದದ್ದು ಇಲ್ಲಿ ಬೇಡ.

ಕಕ್ಕಸಿನ ವಿಷಯಕ್ಕೆ ಒಬ್ಬರು ತಂದೆ ಫೋನಿನಲ್ಲಿ ಹಾರಾಡಿದರು. "ನಾವು ದುಡ್ಡು ಕೊಟ್ಟು ಮಗನನ್ನು ಕಕ್ಕಸು ತೊಳೆಯಲಿಕ್ಕೆ ಕಳಿಸಿದ್ದಾ ಮಾಷ್ಟ್ರೇ?" "ಹೌದು ಮಾರಾಯ್ರೇ, ಮೊದಲ ದಿನ ನಾನೇ ತೊಳೆದು ತೋರಿಸಿದ್ದೇನೆ" ಅಂದೆ. ಫೋನ್ ಇಟ್ಟರು. ಹುಡುಗ ಉಳಿದ. ಗಂಡುಮಕ್ಕಳಿಗೆ ಮಾತ್ರ ಯಾಕೆ ಅಂತ ಕೇಳುವವರಿಗೂ ಇದೇ ಉತ್ತರ. ಹೆಚ್ಚಿನ ಮನೆಗಳಲ್ಲಿ ಹುಡುಗಿಗೆ ಹಿಡಿಸೂಡಿ ತಾನಾಗಿ ಕೈಗೆ ಬರುತ್ತದೆ, ಹುಡುಗ ಕುಡಿದ ಲೋಟ ಎತ್ತಿಡುವುದಿಲ್ಲ. ಮತ್ತೆ ನಮ್ಮಲ್ಲಿ ಬಚ್ಚಲು ಇರುವುದೂ ಒಂದೇ, ಅದೂ ನಿಜ.

ಕಷ್ಟ ಇರುವುದು ಮೂರನೇ ರಾತ್ರಿ. ಮೊದಲೆರಡು ದಿನ ಹೊಸತು, ಮೂರನೇ ದಿನ ಲೈಟ್ ಆರಿಸಿದ ಮೇಲೆ ಯಾರಾದರೂ ಒಬ್ಬ ಶುರು ಮಾಡುತ್ತಾನೆ, ಆಮೇಲೆ ಸಾಲಾಗಿ. ಫೋನ್ ಕೊಟ್ಟರೆ ಮುಗಿಯಿತು, ಬೆಳಿಗ್ಗೆ ಕಾರು ಬಂದಿರುತ್ತದೆ. ಮೊದಲ ವರ್ಷ ಹಾಗೇ ಒಬ್ಬನನ್ನು ಕಳಕೊಂಡೆ. ಈಗ ಮೂರನೇ ದಿನ ಮಧ್ಯಾಹ್ನವೇ ಎಲ್ಲರ ಕೈಗೂ ಒಂದೊಂದು 50 ಪೈಸೆಯ ಪೋಸ್ಟ್ ಕಾರ್ಡ್ ಕೊಡುತ್ತೇನೆ. ವಿಳಾಸ ಎಲ್ಲಿ, ಪಿನ್ ಕೋಡ್ ಎಲ್ಲಿ ಅಂತ ಗೊತ್ತಿರುವವರು ಇಪ್ಪತ್ತರಲ್ಲಿ ಇಬ್ಬರು. ಆ ರಾತ್ರಿ ಊಟಕ್ಕೆ ಏನು ಕೊಡುತ್ತೇನೆ ಅನ್ನುವುದೂ ಮುಖ್ಯ, ಅದು ನನ್ನಲ್ಲೇ ಇರಲಿ.

ಈಜಿಗೆ ಟ್ಯೂಬು, ಜಾಕೆಟ್ಟು ಎಲ್ಲ ತಂದು ನೋಡಿದೆ. ಕಡೆಗೆ ನಿಂತದ್ದು ನಮ್ಮ ಅಜ್ಜಂದಿರ ಕ್ರಮ, ಸಿಪ್ಪೆ ಸಮೇತ ಒಣಗಿದ ಎರಡು ತೆಂಗಿನಕಾಯಿ ಕಟ್ಟಿ ಎದೆಯ ಅಡಿಗೆ. ಒಂದು ಹಗ್ಗ, ಈಜು ಬರುವ ಇಬ್ಬರು ದೊಡ್ಡವರು ನೀರಲ್ಲೇ, ಒಬ್ಬ ದಡದಲ್ಲಿ. ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಹೊಳೆಗೆ ಇಳಿಸುವುದೇ ಇಲ್ಲ. ಇಲ್ಲಿ ಬಿಸಿಲು ಸುಡುತ್ತಿದ್ದರೂ ಮೇಲೆ ಆಗುಂಬೆ ಕಡೆ ಗುಡುಗಿದರೆ ಕೆಂಪು ನೀರು ಯಾವಾಗ ಬರುತ್ತದೆ ಹೇಳಲಿಕ್ಕೆ ಆಗುವುದಿಲ್ಲ. 2022ರಲ್ಲಿ ನಾವು ಬಟ್ಟೆ ಒಗೆದು ಮೇಲೆ ಬಂದು ಅರ್ಧ ಗಂಟೆ ಆಗಿರಲಿಲ್ಲ, ಒಗೆಯುವ ಕಲ್ಲು ಕಾಣಿಸಲಿಲ್ಲ. ಆವತ್ತು ನನಗೆ ನಿದ್ದೆ ಬರಲಿಲ್ಲ.

ಅಡ್ಡ ಪ್ರಯೋಗಗಳೂ ಆದವು. ಗುಡ್ಡೆಯಲ್ಲಿ ಬಿದ್ದ ಗೇರುಬೀಜ ಹೆಕ್ಕಿ ಮಾರುವುದು ಚೆನ್ನಾಗಿ ನಡೆಯಿತು, ಕೆಜಿಗೆ ನೂರರ ಮೇಲೆ ಸಿಕ್ಕಿ ಒಟ್ಟು 1,700 ಆಯಿತು, ಅದರಲ್ಲಿ ಉಡುಪಿಗೆ ಹೋಗಿ ಗಡ್‌ಬಡ್ ಐಸ್‌ಕ್ರೀಮ್ ತಿಂದು ಮುಗಿಸಿದರು. ಬಸ್ಸಿನ ದುಡ್ಡು ನನ್ನ ತಲೆಗೆ. ಮರುವರ್ಷ ಬೀಜ ಸುಟ್ಟು ತಿನ್ನುವ ಅಂತ ಹೊರಟರು, ಬೀಜದ ಸಿಪ್ಪೆಯ ಎಣ್ಣೆ ಸಿಡಿದು ಒಬ್ಬನ ಕೆನ್ನೆ ಬೊಬ್ಬೆ ಎದ್ದಿತು. ಡಾಕ್ಟರು, ಮುಲಾಮು, ಅಪ್ಪನ ಬೈಗುಳ ಎಲ್ಲ ಸೇರಿ ಗೇರುಬೀಜದ ಲಾಭ ಅಲ್ಲಿಗೆ ಹೋಯಿತು. ಹಲಸಿನ ಹಪ್ಪಳ ಮಾಡಿಸಿದೆ, ಒಣಗಿಸಿದ್ದರಲ್ಲಿ ಅರ್ಧ ಮಳೆಗೆ, ಅರ್ಧ ಹಸಿಯಾಗಿಯೇ ಹುಡುಗರ ಹೊಟ್ಟೆಗೆ. ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಗೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುವ ಮೊದಲು, ಒಂದು ರಾತ್ರಿ ಬಯಲಾಟಕ್ಕೆ ಚಾಪೆ ಹಿಡಿದು ಹೋಗುತ್ತೇವೆ. ಹನ್ನೊಂದಕ್ಕೆ ಎಲ್ಲ ಮಲಗಿರುತ್ತಾರೆ, ರಾಕ್ಷಸನ ಬಣ್ಣದ ವೇಷ ಬರುವಾಗ ಚೆಂಡೆ ಬಿದ್ದ ಕೂಡಲೇ ಎದ್ದು ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತಾರೆ.

2024ರಲ್ಲಿ ಇಪ್ಪತ್ತಾರು ಹುಡುಗರು, ತಲೆಗೆ 8,500. ಹನ್ನೊಂದು ಜನ ಹಿಂದೆ ಬಂದವರೇ. ಅಕ್ಕಿ, ತರಕಾರಿ, ಹಾಲು, ನನ್ನ ಮೂವರು ಸಹಾಯಕರು, ಬಾವಿ ಕೆಸರು ತೆಗೆಸಿದ್ದು ಎಲ್ಲ ಕಳೆದು ಸುಮಾರು ನಲವತ್ತು ಸಾವಿರ ಉಳಿಯಿತು. ಹಳೇ ನಷ್ಟ ಪೂರ್ತಿ ತೀರಿದೆ ಅಂತ ನಾನು ಹೇಳುತ್ತೇನೆ, ಹೆಂಡತಿ ಒಪ್ಪುವುದಿಲ್ಲ.

ಆ ವರ್ಷ ಶಿಬಿರ ಮುಗಿದು ನಾಲ್ಕೈದು ದಿನಕ್ಕೆ ಬೆಂಗಳೂರಿನ ಒಬ್ಬರು ತಾಯಿ ಫೋನ್ ಮಾಡಿದರು. ಮಗ ಮೂರನೇ ದಿನ ಬರೆದ ಕಾರ್ಡು ಆಗಷ್ಟೇ ಮನೆಗೆ ಬಂದಿತ್ತು. "ಅಮ್ಮ, ಇಲ್ಲಿ ಬೇಡ, ಕಕ್ಕಸು ತೊಳೆಸ್ತಾರೆ, ನಾಳೆಯೇ ಬಾ." ಓದುವಷ್ಟರಲ್ಲಿ ಹುಡುಗ ಕಾರ್ಡು ಕಿತ್ತುಕೊಂಡು ಓಡಿದನಂತೆ. ಅವರು ಫೋನ್ ಮಾಡಿದ್ದು ಮುಂದಿನ ವರ್ಷದ ಮುಂಗಡ ಎಷ್ಟು ಅಂತ ಕೇಳಲಿಕ್ಕೆ. ಎರಡು ಸಾವಿರ ಅಂದೆ.