ಹಳೇ ಕುರ್ಚಿಗೆ ಹೊಸ ಅಂಟು ಹಾಕುವ ಮುಂಚೆ

ಕುರ್ಚಿ ಅಲ್ಲಾಡಲು ಶುರುವಾದರೆ ನಾವೆಲ್ಲ ಮಾಡುವುದು ಒಂದೇ, ಸಂದಿಗೆ ಫೆವಿಕಾಲ್ ಸುರಿದು ಹಗ್ಗ ಬಿಗಿಯುವುದು. ತಾತನ ಕಾಲದ ತೇಗದ ಕುರ್ಚಿಗೆ ನಾನೂ ಹಾಗೇ ಮಾಡಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಕಿರಗುಟ್ಟತೊಡಗಿತು. ಬಿಚ್ಚಿದರೆ ಹೊಸ ಅಂಟು ಹಾಲಿನ ಕೆನೆ ಹಾಗೆ ಸುಲಿದು ಬಂತು, ಅದರ ಕೆಳಗೆ ಹಳೇ ಅಂಟು ಕಂದು ಗಾಜಿನ ಹಾಗೆ ಅಲ್ಲೇ ಕೂತಿತ್ತು. ಹೊಸ ಅಂಟಿಗೆ ಮರ ಸಿಕ್ಕೇ ಇರಲಿಲ್ಲ! ಫೆವಿಕಾಲ್‌ನಂಥ ಬಿಳಿ ಅಂಟು ಮರದ ನಾರಿನೊಳಗೆ ಇಳಿದೇ ಹಿಡಿಯಬೇಕು, ಒಣಗಿದ ಅಂಟಿನ ಮೇಲೆ ಅದು ನಿಲ್ಲುವುದಿಲ್ಲ.

ಹಾಗಾಗಿ ಮೊದಲು ಹಳೇ ಅಂಟು ಯಾವುದು ಅಂತ ನೋಡಿ. ಬಿಸಿನೀರಲ್ಲಿ ಅದ್ದಿದ ಹತ್ತಿಯನ್ನು ಅಂಟಿನ ಮೇಲೆ ಐದು ನಿಮಿಷ ಇಡಿ. ಬೆರಳಿಗೆ ಜಿಗುಟಾಗಿ ಅಂಟಿಕೊಂಡರೆ ಅದು ಮರವಜ್ರ, ಅಂದರೆ ದನದ ಚರ್ಮ, ಮೂಳೆ ಕುದಿಸಿ ಮಾಡುವ ಹಳೇ ಕಾಲದ ಅಂಟು, ಸರೇಸು ಅಂತಲೂ ಕರೆಯುತ್ತಾರೆ. ಬೆಳ್ಳಗಾಗಿ ರಬ್ಬರಿನ ಹಾಗೆ ಮೆತ್ತಗಾದರೆ ಬಿಳಿ ಅಂಟು. ಏನೂ ಆಗದೆ ಗಟ್ಟಿಯಾಗೇ ಇದ್ದರೆ ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿ ಅಂಟೋ ಫ್ಯಾಕ್ಟರಿಯಲ್ಲಿ ಹಾಕುವ ರಾಳದ ಅಂಟೋ ಇರಬೇಕು.

ಅಂಟಿಗೆ ವಯಸ್ಸಾಯಿತು, ಅದಕ್ಕೇ ಬಿಟ್ಟಿತು ಅನ್ನುತ್ತಾರಲ್ವಾ, ಅದು ಪೂರ್ತಿ ಸರಿಯಲ್ಲ. ಒಣ ಜಾಗದಲ್ಲಿ ಮರವಜ್ರ ನೂರಾರು ವರ್ಷ ಹಿಡಿದಿರುತ್ತದೆ. ಅದನ್ನು ಕೆಡಿಸುವುದು ತೇವ, ಬೂಷ್ಟು ಮತ್ತು ಬಿಸಿ. ಬಿಳಿ ಅಂಟಿನ ತೊಂದರೆ ಬೇರೆ: ಗಟ್ಟಿಯಾದ ಮೇಲೂ ಒಳಗೊಳಗೆ ಸ್ವಲ್ಪ ಮೆತ್ತಗೇ ಇರುತ್ತದೆ, ಸದಾ ಭಾರ ಬೀಳುವ ಕಡೆ ವರ್ಷಾನುಗಟ್ಟಲೆ ನಿಧಾನಕ್ಕೆ ಜಾರುತ್ತದೆ, ಬಿಸಿಲಲ್ಲಿ ಕಾದ ಜಾಗದಲ್ಲಂತೂ ಇನ್ನೂ ಜಾಸ್ತಿ. ಅಗ್ಗದ ಪ್ಲೈವುಡ್‌ನಲ್ಲಿರುವ ಯೂರಿಯಾ ರಾಳ ಬಿಸಿ, ತೇವ ಎರಡೂ ಸೇರಿದಾಗ ತಾನೇ ಒಡೆದು ಪುಡಿಯಾಗುತ್ತದೆ. ಅದಕ್ಕೇ ಸಿಂಕಿನ ಕೆಳಗೆ ತೇವ ತಡೆಯುವ ಫಿನಾಲ್ ರಾಳದ ಪ್ಲೈವುಡ್, ಅಂದರೆ ಐಎಸ್ 710 ಅನ್ನುವ ಭಾರತೀಯ ಮಾನದಂಡದ ಹಲಗೆಯನ್ನೇ ಕೇಳಿ ತನ್ನಿ, ಅದರ ತುಂಡನ್ನು 72 ಗಂಟೆ ಕುದಿಸಿ ಪರೀಕ್ಷೆ ಮಾಡಿರುತ್ತಾರೆ.

ಆದರೆ ಕುರ್ಚಿಯಲ್ಲಿ ಅಂಟು ಬಹಳ ಸಲ ಸೋಲುವುದು ಮರದ ಓಡಾಟಕ್ಕೆ. ಮಳೆಗಾಲದಲ್ಲಿ ಮರ ಅಡ್ಡಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಆಗುವುದಿಲ್ಲ. ಕಾಲೂ ಅಡ್ಡಪಟ್ಟಿಯೂ ಸೇರುವ ಕಡೆ ಒಂದರ ನಾರು ಹೀಗೆ, ಇನ್ನೊಂದರದು ಹಾಗೆ. ನಡುವಿನ ಅಂಟು ಪ್ರತಿ ವರ್ಷ ಎರಡೂ ಕಡೆಯ ಎಳೆತ ತಡೆದುಕೊಳ್ಳಬೇಕು.

ಈಗ ಕೆಲಸ. ಸಂದಿಗೆ ಬಟ್ಟೆ ಇಟ್ಟು ಕೊಡತಿಯಲ್ಲಿ ಮೆಲ್ಲಗೆ ಬಡಿದು ಬಿಚ್ಚಿ. ಬರದಿದ್ದರೆ ಜಗ್ಗಬೇಡಿ, ಬಿಸಿನೀರನ್ನೋ ಬೆಚ್ಚಗಿನ ವಿನೆಗರನ್ನೋ ಹನಿಹನಿಯಾಗಿ ಬಿಟ್ಟು ಅರ್ಧ ಗಂಟೆ ಕಾಯಿರಿ. ಮೆತ್ತಗಾದ ಅಂಟನ್ನು ಉಳಿಯಿಂದ ಕೆರೆದು ತೆಗೆಯಿರಿ. ಉಪ್ಪುಕಾಗದ ಹಾಕಿ ತಿಕ್ಕಬೇಡಿ, ಪಟ್ಟಿಯ ತುದಿ ಸವೆದು ತೂತಿನಲ್ಲಿ ಸಡಿಲವಾಗುತ್ತದೆ. ಒಂದು ದಿನ ಒಣಗಲು ಬಿಡಿ.

ಹಳೇದು ಮರವಜ್ರವೇ ಆಗಿದ್ದರೆ ಹೊಸ ಮರವಜ್ರವನ್ನೇ ಹಾಕಿ ಅಂತ ನಾನು ಹೇಳುತ್ತೇನೆ. ಅದು ಉಳಿದ ಹಳೇ ಅಂಟನ್ನೂ ಕರಗಿಸಿಕೊಂಡು ಒಂದಾಗುತ್ತದೆ, ಮುಂದೆ ರಿಪೇರಿ ಮಾಡುವವರಿಗೂ ಬಿಚ್ಚಲು ಸುಲಭ. ರಾತ್ರಿ ತಣ್ಣೀರಲ್ಲಿ ನೆನೆಸಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. ಕುದಿಸಿದರೆ ಶಕ್ತಿ ಹೋಗುತ್ತದೆ, 60 ಡಿಗ್ರಿ ಸಾಕು.

ಬಿಳಿ ಅಂಟು ಹಾಕುವುದಾದರೆ ಡಬ್ಬಿಯ ತಾರೀಕು ನೋಡಿ. ಕಡ್ಡಿಯಲ್ಲಿ ಎತ್ತಿದಾಗ ನೂಲು ನೂಲಾಗಿ ಎಳೆದುಕೊಂಡರೆ, ಗಂಟು ಕಟ್ಟಿದ್ದರೆ, ಎಸೆಯಿರಿ. ತೇಗಕ್ಕೆ ಎಣ್ಣೆಯಂಶ ಇರುತ್ತದೆ, ಹಾಗಾಗಿ ಅಂಟು ಹಚ್ಚುವ ಸ್ವಲ್ಪ ಮುಂಚೆ ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಅದು ಆರಿದ ಕೂಡಲೇ ಎರಡೂ ಕಡೆ ತೆಳ್ಳಗೆ ಹಚ್ಚಿ ಕ್ಲಾಂಪ್ ಹಾಕಿ. ಸಂದಿಯಿಂದ ಸಣ್ಣ ಸಣ್ಣ ಹನಿ ಹೊರಬಂದರೆ ಅಂಟು ಸಾಕಷ್ಟಿದೆ ಅಂತ ಅರ್ಥ. ಒದ್ದೆ ಬಟ್ಟೆಯಲ್ಲಿ ಒರೆಸಿ, 24 ಗಂಟೆ ಅದರ ಮೇಲೆ ಯಾರನ್ನೂ ಕೂರಲು ಬಿಡಬೇಡಿ.